ಥೇಲ್ಸ್ ಪ್ರಮೇಯ ಮತ್ತು ನಮ್ಮ ಕ್ರಿಯಾಯೋಜನೆ

ಡಿಸೆಂಬರ್ ಬಂತು ಅಂದರೆ ನಮಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಕ್ರಿಯಾಯೋಜನೆ ಬರೆಯುವ ಕಾಲ. ಈ ಸಲ ಎಚ್ಚೆಮ್ ಹೊಸ ಐಡಿಯಾ ತಂದರು: ಒಂದು ಭಾನುವಾರ, ಒಂದೇ ವಿಷಯ, ಬೆಳಿಗ್ಗೆಯಿಂದ ಸಂಜೆವರೆಗೆ. ವಾಟ್ಸಾಪ್ ಗ್ರೂಪಿಗೆ ಹಾಕಲು ಫೋಟೋ ಚೆನ್ನಾಗಿ ಬರುತ್ತೆ ಅಲ್ವಾ!

ನಾನು ತ್ರಿಭುಜಗಳು ಹಿಡಿದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತೆ ಅನ್ನೋ ಥೇಲ್ಸ್ ಪ್ರಮೇಯವನ್ನು ಬರೆಸಿದೆ, ಮತ್ತೆ ಬರೆಸಿದೆ. ಸಂಜೆ ಕಿರುಪರೀಕ್ಷೆ ಕೊಟ್ಟರೆ ಹಿಂದಿನ ಬೆಂಚಿನವರೂ ಸಲೀಸಾಗಿ ಬರೆದುಬಿಟ್ಟರು. ಇನ್ನು ಇದನ್ನು ಮುಟ್ಟೋದೇ ಬೇಡ ಅಂತ ಡೈರಿಯಲ್ಲಿ ಟಿಕ್ ಹಾಕಿದೆ.

ಆಮೇಲೆ ಪ್ರಿಪರೇಟರಿ. ಗಣಿತದವರಿಗೆ ಗಣಿತದ ದಿನ ಕೊಠಡಿ ಹಾಕೋದಿಲ್ಲ. ಸುಮ್ನೆ ವರಾಂಡದಲ್ಲಿ ಓಡಾಡುತ್ತಿದ್ದೆ. ಕಿಟಕಿ ಪಕ್ಕದ ಹುಡುಗಿ ಅದೇ ಪ್ರಮೇಯಕ್ಕೆ ಕೈಹಾಕಿದ್ದಳು. ಚಿತ್ರ ಸರಿ ಇತ್ತು, ಡಿಇ ಗೆರೆ ಬಿಸಿ ಗೆರೆಗೆ ಸಮಾಂತರ. ದತ್ತ ಬರೆದಳು, ಸಾಧನೀಯ ಬರೆದಳು. ರಚನೆಗೆ ಬಂದು ಬಿಇ ಸೇರಿಸಿದಳು. ಅಲ್ಲಿಗೆ ಪೆನ್ಸಿಲ್ ನಿಂತಿತು. ‘ಸಿಡಿ ಸೇರಿಸಮ್ಮ, ಲಂಬ ಎಳಿ’ ಅನ್ನೋದು ನನ್ನ ಬಾಯಿ ತುದಿಗೇ ಬಂದಿತ್ತು. ಅವಳು ಸ್ಕೇಲ್ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕೊನೆಗೆ ಬಿಇ ಗೆರೆಯನ್ನೂ ಅಳಿಸಿಬಿಟ್ಟಳು. ಪೇಪರ್ ತಿದ್ದುವಾಗ ನೋಡಿದರೆ ಜಾಸ್ತಿ ಮಕ್ಕಳದ್ದು ಇದೇ ಕಥೆ.

ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು: ಓದನ್ನು ಒಂದೇ ಸಲಕ್ಕೆ ತುರುಕುವುದಕ್ಕಿಂತ ದಿನಗಳಿಗೆ ಹಂಚಿದರೆ ಕಡಿಮೆ ಸಲ ಓದಿದರೂ ಸಾಕು. ಬಿ.ಎಡ್‌ನಲ್ಲಿ ಅವರ ಮರೆವಿನ ರೇಖೆ ಬಿಡಿಸಿ ಮಾರ್ಕ್ಸ್ ತಗೊಂಡವನು ನಾನು! ಬ್ರಿಟನ್ನಿನ ಅಂಚೆ ಸಿಬ್ಬಂದಿಗೆ ಟೈಪಿಂಗ್ ಕಲಿಸಿದ 1978ರ ಅಧ್ಯಯನವೂ ಇದೆ. ದಿನಕ್ಕೆ ಒಂದೇ ಗಂಟೆ ಕೂತವರು ನಾಲ್ಕು ಗಂಟೆ ಕೂತವರಿಗಿಂತ ಕಡಿಮೆ ಗಂಟೆಗಳಲ್ಲಿ ಕಲಿತರು. ಆದರೆ ಒಂದು ಗಂಟೆಯವರಿಗೆ ದಿನ ಜಾಸ್ತಿ ಹಿಡಿಯಿತು, ಗೊಣಗಿದವರೂ ಅವರೇ.

ನಮ್ಮ ಮಕ್ಕಳೂ ಗೊಣಗುತ್ತಾರೆ. ಈಗ ಒಂದು ಪ್ರಮೇಯಕ್ಕೆ ಸೋಮವಾರ ಕಾಲು ಗಂಟೆ, ಗುರುವಾರ ಕಾಲು ಗಂಟೆ, ಮುಂದಿನ ವಾರ ಮತ್ತೊಮ್ಮೆ. ಪುಸ್ತಕ ಮುಚ್ಚಿಟ್ಟು ಬರೆಯಬೇಕು.

“ಸಾರ್, ಇದು ಆಗಿದೆ.”

“ಆಗಿದ್ರೆ ಬರಿ, ನೋಡೋಣ.”

ಮೊದಲೆರಡು ಸಲ ಅರ್ಧಕ್ಕೇ ನಿಲ್ಲುತ್ತಾರೆ. ನೋಡೋಕೆ ಚೆನ್ನಾಗಿರಲ್ಲ, ಎಚ್ಚೆಮ್‌ಗಂತೂ ಹಿಡಿಸಲ್ಲ. ಆದರೆ ಎಲ್ಲಿ ನಿಂತರು ಅನ್ನೋದು ಆಗ ಸಿಗುತ್ತೆ. ಭಾನುವಾರ ಅದು ನನಗೆ ಸಿಕ್ಕಿರಲಿಲ್ಲ.

ಕ್ರಿಯಾಯೋಜನೆ ನಮೂನೆಯಲ್ಲಿ ‘ಪುನರಾವರ್ತನೆ ಮುಗಿದ ದಿನಾಂಕ’ ಅಂತ ಒಂದೇ ಕಾಲಂ. ಮೂರು ದಿನಾಂಕ ತುಂಬಿ ಕಳಿಸಿದೆ. ಒಂದೇ ಬರೆಯಿರಿ ಅಂತ ವಾಪಸ್ ಬಂದಿದೆ.