‘ಅಕ್ಕಾ, ಇಂಟರ್‌ವ್ಯೂದಾಗ ಏನ್ ಕೇಳ್ತಾರ್ರಿ?’

ಕಲಬುರಗಿಯಲ್ಲಿ ಜಿಡಿಎ ಕೋರ್ಸ್ ಮುಗಿಸಿದ ಹುಡುಗಿಯರು ನಾನು ನರ್ಸ್ ಅಂತ ಗೊತ್ತಾದ ಕೂಡಲೇ ಕೇಳುವ ಪ್ರಶ್ನೆ ಇದು. ಜಿಡಿಎ ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್, ವಾರ್ಡ್‌ನಲ್ಲಿ ನರ್ಸ್‌ಗೆ ಸಹಾಯಕರು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ‘ಇಂಗ್ಲಿಷ್ ಬರ್ಬೇಕೇನ್ರಿ?’

ಚಾರ್ಟ್‌ನಲ್ಲಿ ಬಿಪಿ, ಪಲ್ಸ್, ಟೆಂಪರೇಚರ್ ಓದಿ ಬರೆಯಲು ಬಂದರೆ ಸಾಕು. ನಮ್ಮ ಕಡೆ ವಾರ್ಡ್‌ನಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಉರ್ದು, ಹಿಂದಿ. ತೆಲುಗು, ಮರಾಠಿ, ಲಂಬಾಣಿ ಬರುತ್ತಿದ್ದರೆ ನಾಚಿಕೊಳ್ಳದೆ ಹೇಳಿ. ತಾಂಡಾದಿಂದ ಬಂದ ಅಜ್ಜಿಗೆ ಎಲ್ಲಿ ನೋಯುತ್ತಿದೆ ಅಂತ ತಿಳಿದುಕೊಳ್ಳಲು ನಮಗೂ ಯಾರಾದರೂ ಬೇಕಲ್ವಾ?

ಇನ್ನು ಇಂಟರ್‌ವ್ಯೂ. ನಾನು ಆ ಕಡೆಯ ಕುರ್ಚಿಯಲ್ಲೂ ಕೂತಿದ್ದೇನೆ. ‘ನಿಮ್ಮ ಬಗ್ಗೆ ಹೇಳಿ’ ಅನ್ನುವುದು ಸುಮ್ನೆ ಶುರುವಿಗೆ. ನಾವು ನೋಡುವುದು ಕೈ. ಒಮ್ಮೆ ಒಬ್ಬ ಹುಡುಗಿಗೆ ನನ್ನ ಪಲ್ಸ್ ನೋಡು ಅಂದೆ. ಹೆಬ್ಬೆರಳು ಇಟ್ಟಳು. ಹೆಬ್ಬೆರಳಿನಲ್ಲಿ ನಮ್ಮದೇ ನಾಡಿ ಬಡಿಯುತ್ತದೆ, ಲೆಕ್ಕ ತಪ್ಪುತ್ತದೆ. ಅವಳಿಗೇ ಹೊಳೆಯಿತು. ಬೆರಳು ತೆಗೆದು, ಎರಡು ಬೆರಳು ಇಟ್ಟು, ಗೋಡೆ ಗಡಿಯಾರ ನೋಡುತ್ತಾ ಎಣಿಸತೊಡಗಿದಳು. ನಡುವೆ ಯಾರೋ ಬಾಗಿಲು ತೆರೆದರು. ‘ಎಣಿಕೆ ತಪ್ಪಿತ್ರಿ ಮೇಡಂ, ಇನ್ನೊಮ್ಮೆ ನೋಡ್ತೀನಿ’ ಅಂದಳು. ಅವಳಿಗಿಂತ ಮೊದಲು ಬಂದವಳು ಹತ್ತೇ ಸೆಕೆಂಡಿಗೆ ಕೈ ಬಿಟ್ಟು ‘72’ ಅಂದಿದ್ದಳು. ದೊಡ್ಡವರಿಗೆ 60ರಿಂದ 100 ಇರುತ್ತದೆ ಅಂತ ಓದಿ, ನಡುವಿನ ಒಂದು ಅಂಕಿ ಒಗೆದಿದ್ದಳು ಅಷ್ಟೆ. ಕೆಲಸ ಸಿಕ್ಕಿದ್ದು ಎಣಿಕೆ ತಪ್ಪಿದವಳಿಗೆ.

ಕೆಲವು ಪ್ರಶ್ನೆ ಬೇಕಂತಲೇ ಕೇಳುತ್ತೇವೆ. ‘ಸಿಸ್ಟರ್ ಊಟಕ್ಕೆ ಹೋಗಿದ್ದಾರೆ, ಇಂಜೆಕ್ಷನ್ ಕೊಡ್ತೀಯಾ?’ ಕೊಡ್ತೀನಿ ಅಂದರೆ ಅಲ್ಲಿಗೆ ಮುಗಿಯಿತು. ಅದು ನಿಮ್ಮ ಕೆಲಸವಲ್ಲ. ‘ರೋಗಿ ಬಾತ್‌ರೂಮಿನಲ್ಲಿ ಬಿದ್ದರೆ?’ ಓಡಿ ಎಬ್ಬಿಸ್ತೀನಿ ಅನ್ನುವವರೇ ಜಾಸ್ತಿ. ಎಬ್ಬಿಸಬೇಡಿ. ಮೂಳೆ ಮುರಿದಿರಬಹುದು. ಪಕ್ಕದಲ್ಲೇ ಇದ್ದು ಸಿಸ್ಟರನ್ನು ಕೂಗಿ ಕರೆಯಿರಿ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಏಕೆ ಅಂತಲೂ ಕೇಳುತ್ತಾರೆ, ಹಾಸಿಗೆ ಹುಣ್ಣು ಆಗಬಾರದು ಅಂತ. ಕಸದ ಬಕೆಟ್ ಬಣ್ಣ ಬಾಯಿಪಾಠ ಇರಲಿ: ರಕ್ತದ ಹತ್ತಿ ಹಳದಿಗೆ, ಡ್ರಿಪ್ ಪೈಪ್ ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. ಉಗುರು ಕತ್ತರಿಸಿಕೊಂಡು ಹೋಗಿ. ಬಳೆ, ಉಂಗುರ ಮನೆಯಲ್ಲಿರಲಿ.

‘ಬೆಡ್‌ಪ್ಯಾನ್ ಇಡ್ತೀಯಾ, ನೈಟ್ ಡ್ಯೂಟಿ ಮಾಡ್ತೀಯಾ’ ಅಂತ ಕೇಳಿಯೇ ಕೇಳುತ್ತಾರೆ. ಮನೆಯವರನ್ನು ಮೊದಲೇ ಒಪ್ಪಿಸಿ ಬನ್ನಿ. ಆಳಂದದಿಂದಲೋ ಜೇವರ್ಗಿಯಿಂದಲೋ ದಿನಾ ಬಂದು ಹೋಗುವವರು ರಾತ್ರಿ ಬಸ್ ಎಷ್ಟು ಹೊತ್ತಿನವರೆಗೆ ಇದೆ ಅಂತ ನೋಡಿಕೊಂಡೇ ಹೂಂ ಅನ್ನಿ.

ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು 371ಜೆ ಸರ್ಟಿಫಿಕೇಟ್, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಪತ್ರ, ಮಾಡಿಸಿಟ್ಟುಕೊಳ್ಳಿ, ಅದನ್ನು ಕೊಡುವುದು ಅಸಿಸ್ಟೆಂಟ್ ಕಮಿಷನರ್ ಆಫೀಸು. ಖಾಸಗಿ ಆಸ್ಪತ್ರೆಯಲ್ಲಿ ಅದನ್ನು ಕೇಳುವುದಿಲ್ಲ.

ಸಂಬಳ ಕೇಳಲು ಹುಡುಗಿಯರು ಹಿಂಜರಿಯುತ್ತಾರೆ. ಕೇಳಿ. ಕೈಗೆ ಎಷ್ಟು ಬರುತ್ತದೆ, ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ, ಆಸ್ಪತ್ರೆಯವರೇ ತೆಗೆದುಕೊಳ್ಳುತ್ತಾರಾ ಅಥವಾ ಏಜೆನ್ಸಿ ಮೂಲಕವಾ. ಇಎಸ್‌ಐಗೆ ನಿಮ್ಮ ಸಂಬಳದಿಂದ ಹಿಡಿಯುವುದು ನೂರಕ್ಕೆ 75 ಪೈಸೆ ಮಾತ್ರ. ಕಾರ್ಡ್ ಇದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಎದ್ದು ಬನ್ನಿ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ಬ್ಯಾಗಿಗೆ ಹಾಕಿಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ‘ಫೈಲ್‌ನಲ್ಲಿ ಇರಲಿ’ ಅಂದರು, ಕೊಟ್ಟುಬಿಟ್ಟೆ. ಕೆಲಸ ಬಿಟ್ಟ ಮೇಲೆ ಅದನ್ನು ವಾಪಸ್ ಪಡೆಯಲು ಐದು ತಿಂಗಳು ಓಡಾಡಿದೆ. ಕೊನೆಗೆ ಸಿಕ್ಕಾಗ ಅದರ ಮೂಲೆಗೆ ಎರಡು ಸ್ಟೇಪ್ಲರ್ ತೂತು, ನಡುವೆ ಚಹಾ ಲೋಟದ ಗುಂಡನೆಯ ಕಲೆ.