ಪೊರಕೆ ಹಿಡಿದ ಹುಡುಗಿ ನಮ್ಮ ಹಾಲ್‌ನಲ್ಲಿ ಯಾಕಿದ್ದಾಳೆ?

ಮನೆಗೆ ಬಂದವರು ಕಾಫಿ ಲೋಟ ಕೈಗೆ ತಗೊಂಡು ಗೋಡೆ ಕಡೆ ನೋಡುತ್ತಾರೆ. ಆಮೇಲೆ ಕೇಳಿಯೇ ಕೇಳುತ್ತಾರೆ: "ಹೋಗಿ ಹೋಗಿ ಕಸ ಗುಡಿಸೋಳ ಚಿತ್ರ ಹಾಕಿದ್ದೀರಲ್ಲ, ಬೇರೆ ಯಾವುದೂ ಸಿಗಲಿಲ್ವಾ?"

ಕೇಳುವುದರಲ್ಲಿ ತಪ್ಪೇನಿಲ್ಲ. ಪೊರಕೆಯನ್ನು ನಾವು ಬಾಗಿಲ ಹಿಂದೆ, ಬಂದವರ ಕಣ್ಣಿಗೆ ಬೀಳದ ಹಾಗೆ ಇಡುವವರು. ಈ ಚಿತ್ರ ನನಗೆ ಇಷ್ಟವಾಗಿದ್ದೂ ಅದಕ್ಕೇ.

ಇದು ಫ್ರಾನ್ಸಿನಲ್ಲಿದ್ದ ಚಿತ್ರಕಾರ ಕಮೀಲ್ ಪಿಸ್ಸಾರೊ 1882ರಲ್ಲಿ ಬರೆದ ಚಿತ್ರದ ಪ್ರಿಂಟ್. ಮೂಲ ಚಿತ್ರ ಲಂಡನ್ನಿನ ಟೇಟ್ ಎಂಬ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. 'ದಿ ಲಿಟಲ್ ಕಂಟ್ರಿ ಮೇಡ್' ಅಂತ ಅದರ ಹೆಸರು. ಅಂದರೆ ಹಳ್ಳಿಮನೆಯ ಪುಟ್ಟ ಕೆಲಸದಾಕೆ. ಪ್ಯಾರಿಸ್‌ನಿಂದ ಆಚೆ, ಪಾಂಟ್ವಾಜ್ ಪಕ್ಕದ ಒಸ್ನಿ ಎಂಬ ಊರಲ್ಲಿದ್ದ ಪಿಸ್ಸಾರೊ ಮನೆಯದೇ ಕೋಣೆ ಇದು. ಹುಡುಗಿ ತಲೆ ತಗ್ಗಿಸಿ ಗುಡಿಸುತ್ತಿದ್ದಾಳೆ. ಮೇಜಿನ ಹತ್ತಿರ ಒಂದು ಮಗು ಕೂತಿದೆ. ಅದು ಪಿಸ್ಸಾರೊ ಅವರ ಮಗ, ಲುಡೊವಿಕ್ ರೊಡಾಲ್ಫ್.

ಈಗ ಸ್ವಲ್ಪ ಗಮನಿಸಿ. ಮನೆ ಯಜಮಾನನ ಮಗ ಬದಿಯಲ್ಲಿದ್ದಾನೆ. ಎದ್ದು ಕಾಣುವವಳು ಕೆಲಸದ ಹುಡುಗಿ. ಅವಳು ನಮ್ಮ ಕಡೆ ನೋಡುತ್ತಿಲ್ಲ, ನಗುತ್ತಿಲ್ಲ, ಚೆಂದ ಕಾಣಲಿ ಅಂತ ನಿಂತಿಲ್ಲ. ಕಣ್ಣು ನೆಲದ ಮೇಲೆ, ಗಮನವೆಲ್ಲ ಪೊರಕೆಯಲ್ಲಿ. "ಅಯ್ಯೋ ಪಾಪ" ಅನ್ನಿಸುವ ಹಾಗೂ ಬರೆದಿಲ್ಲ. ಕೆಲಸ ಮಾಡುವವರನ್ನು ಕನಿಕರ ತೋರಿಸದೆ ನೋಡುವುದು ಎಷ್ಟು ಕಷ್ಟ ಅಲ್ವಾ?

ಪಿಸ್ಸಾರೊಗೆ ಅದು ಸಾಧ್ಯವಾಗಿದ್ದಕ್ಕೆ ಕಾರಣ ಮನೆಯಲ್ಲೇ ಇತ್ತು ಅಂತ ನನಗನ್ನಿಸುತ್ತದೆ. ಅವರ ಹೆಂಡತಿ ಜೂಲಿ ವೆಲೆ ರೈತರ ಮನೆಯ ಮಗಳು. ಪಿಸ್ಸಾರೊ ತಂದೆತಾಯಿಯ ಮನೆಗೆ ಕೆಲಸಕ್ಕೆ ಬಂದವಳು. ಈ ಸಂಬಂಧ ಹೆತ್ತವರಿಗೆ ಇಷ್ಟವಿರಲಿಲ್ಲ. ಮದುವೆ ಆಗಿದ್ದು 1871ರಲ್ಲಿ, ಇಂಗ್ಲೆಂಡಿನ ಕ್ರಾಯ್ಡನ್‌ನಲ್ಲಿ. ಅಷ್ಟು ಹೊತ್ತಿಗೆ ಮಕ್ಕಳೂ ಆಗಿದ್ದರು. ಅಂಥ ಮನೆಯಲ್ಲಿ ಪೊರಕೆ ಹಿಡಿದವಳನ್ನು ಯಾರೋ ಏನೋ ಅಂತ ನೋಡಲು ಹೇಗಾಗುತ್ತದೆ?

ಬಂದವರನ್ನು ನಾನು ಚಿತ್ರದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹತ್ತಿರ ಹೋದರೆ ಹುಡುಗಿಯೇ ಕಾಣುವುದಿಲ್ಲ, ಬರೀ ಬಣ್ಣದ ಸಣ್ಣ ಸಣ್ಣ ಗೀರುಗಳು. ಗೋಡೆಗೂ ಅದೇ ಗೀರು, ನೆಲಕ್ಕೂ ಅದೇ, ಅವಳ ಬಟ್ಟೆಗೂ ಅದೇ. ಇಂಪ್ರೆಷನಿಸ್ಟರ ಕೈ ಅದು, ಅಂದರೆ ಹೀಗೆ ಬಿಡಿ ಬಿಡಿ ಗೀರುಗಳಲ್ಲಿ ಬೆಳಕನ್ನು ಹಿಡಿಯುತ್ತಿದ್ದ ಆ ಕಾಲದ ಚಿತ್ರಕಾರರ ಗುಂಪಿನದು. 1874ರಿಂದ 1886ರವರೆಗೆ ಅವರು ನಡೆಸಿದ ಎಂಟು ಪ್ರದರ್ಶನಗಳಲ್ಲಿ ಎಂಟಕ್ಕೂ ಚಿತ್ರ ಕೊಟ್ಟವರು ಪಿಸ್ಸಾರೊ ಒಬ್ಬರೇ. ನಾಲ್ಕು ಹೆಜ್ಜೆ ಹಿಂದೆ ಬಂದರೆ ಆ ಗೀರುಗಳೆಲ್ಲ ಕೂಡಿಕೊಂಡು ಬೆಳಕಾಗುತ್ತವೆ. ಅವಳು ಮತ್ತೆ ಗುಡಿಸತೊಡಗುತ್ತಾಳೆ.

ಮೊನ್ನೆ ನಮ್ಮ ಅತ್ತೆ ಹೀಗೇ ಹಿಂದೆ ಮುಂದೆ ಹೋಗಿ ನೋಡಿದರು. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. "ಸೊಂಟ ಬಗ್ಗಿಸದೆ ಗುಡಿಸ್ತಾಳೆ ನೋಡು, ಉದ್ದ ಹಿಡಿ ಅದಕ್ಕೆ," ಅಂದರು.