ಕಥೆ ಬಿಟ್ಟು ಹರಟೆಗೆ ಕೂತ ಅಸಿಮೋವ್

ಐಸಾಕ್ ಅಸಿಮೋವ್ ಅಂದ್ರೆ ರೋಬೋಟ್ ಕಥೆಗಳು, ಅಲ್ವಾ? ನನಗೆ ಮಾತ್ರ ಅವರ ಪ್ರಬಂಧಗಳೇ ಜಾಸ್ತಿ ಇಷ್ಟ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮೇಲೆ, ಅಮೆರಿಕದ ಜನಕ್ಕೆ ವಿಜ್ಞಾನ ತಿಳಿಸಬೇಕು ಅನ್ನಿಸಿ, ಕಾದಂಬರಿಯನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟರು. 1958ರ ನವೆಂಬರಿನಿಂದ ಒಂದೇ ಪತ್ರಿಕೆಗೆ ತಿಂಗಳಿಗೊಂದರಂತೆ 399 ಪ್ರಬಂಧ! ಶುರುವಿನಲ್ಲಿ ತಮ್ಮದೇ ಏನೋ ಹರಟೆ, ಸ್ವಲ್ಪ ಜಂಬ ಕೂಡ, ಆಮೇಲೆ ಮೆಲ್ಲಗೆ ವಿಷಯಕ್ಕೆ ಎಳೆದುಕೊಂಡು ಹೋಗುತ್ತಾರೆ.

ನನ್ನ ಮೆಚ್ಚಿನದು ತಪ್ಪಿನ ಬಗ್ಗೆ ಬರೆದದ್ದು. ಭೂಮಿ ಚಪ್ಪಟೆ ಅನ್ನುವುದು ತಪ್ಪು, ಪೂರ್ತಿ ಗುಂಡಗಿದೆ ಅನ್ನುವುದೂ ತಪ್ಪು, ಆದರೆ ಎರಡೂ ಒಂದೇ ಮಟ್ಟದ ತಪ್ಪು ಅಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು ಅಂತಾರೆ. ಭೂಮಿ ಬಾಗುವುದು ಮೊದಲ ಮೈಲಿಗೆ ಬರೀ 8 ಇಂಚು. ಹಾಗಾಗಿ ಚಪ್ಪಟೆ ಅಂದವರು ದಡ್ಡರೇನಲ್ಲ. ಅಸಿಮೋವ್ ಕಾದಂಬರಿಯ ಪಾತ್ರಗಳು ನನಗೆ ಯಾವತ್ತೂ ಸಪ್ಪೆ. ಪ್ರಬಂಧಗಳಲ್ಲಿ ಅವರೇ ಪಾತ್ರ.